ಮಂಜೂರಾದ ಉಸಿರು

ಗೀತಪೋಷಣಾ ಮಂಡಳಿಯ ಸ್ಟುಡಿಯೋದಲ್ಲಿ ತಯಾರಾದ ಆಲ್ಬಮ್‌ನಲ್ಲಿ ಉಸಿರೇ ಇಲ್ಲ ಎಂಬ ದೂರಿನಲ್ಲಿ ಹುರುಳಿಲ್ಲ. ಉಸಿರು ಇದೆ. ಅದು ಗಾಯಕಿಯದಲ್ಲ, ಅಷ್ಟೆ. ನಿಯಮದ ಪ್ರಕಾರ ಅದು ಆಕೆಯದೇ ಆಗಿರಬೇಕೆಂದೂ ಇಲ್ಲ.

ಈ ಗಾಯಕಿ ತಾನೇ ಬರೆದು, ತಾನೇ ರಾಗ ಹಾಕಿ ಹಾಡುವವಳು. ಆಕೆಯ ತಾಯಿ ದರ್ಜಿ. ಹೊಲಿದು ಹೊಲಿದು ಕಣ್ಣು ಮಂಜಾಗಿ ಈಗ ಮನೆಯಲ್ಲೇ ಇದ್ದಾರೆ. ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಹಾಡು ಕಲಿತ ಮಗಳಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು: ಅಮ್ಮ ಬಟ್ಟೆ ತಿರುಗಿಸಲು ಪೆಡಲ್ ನಿಲ್ಲಿಸಿದಾಗ ಮಾತ್ರ ಉಸಿರು ತೆಗೆದುಕೊಳ್ಳುವುದು. ಆ ಯಂತ್ರದ ಮೇಲೆಯೇ ಆಕೆ ಒಂದು ಹಾಡು ಕಟ್ಟಿದ್ದಳು. ಅದನ್ನು ಅಮ್ಮನಿಗೆ ಒಳ್ಳೆಯ ಸ್ಪೀಕರಿನಲ್ಲಿ ಕೇಳಿಸಬೇಕೆಂಬುದೊಂದೇ ಆಸೆ. ಇಷ್ಟು ಸಣ್ಣ ಆಸೆ ಇಟ್ಟುಕೊಂಡು ಮಂಡಳಿಯ ಮೆಟ್ಟಿಲು ಹತ್ತಿದ್ದು ಆಕೆಯದೇ ತಪ್ಪು.

ಆಲ್ಬಮ್‌ನ ಮೊದಲ ಹಾಡಾಗಿ ಅದರ ಧ್ವನಿಮುದ್ರಣವಾಯಿತು. ಮಂಡಳಿಯ ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು. ಸಭೆಗಳಲ್ಲೂ ಅವರು ಹಾಗೆಯೇ ಇರುತ್ತಾರೆ.

"ಸಾಲಿನ ಮಧ್ಯ ಅದೇನಮ್ಮ ಸದ್ದು?"

"ಉಸಿರು, ಸಾರ್."

"ಮಂಜೂರಾತಿಯಲ್ಲಿ ಮಾತು, ರಾಗ, ವಾದ್ಯ ಅಂತಿದೆ. ಉಸಿರು ಎಲ್ಲಿದೆ?"

"ಉಸಿರಾಡದೆ ಹೆಂಗ್ ಹಾಡ್ಲಿ ಸಾರ್?"

"ಆಡಮ್ಮ, ಯಾರು ಬೇಡ ಅಂದ್ರು? ಆಚೆ ಹೋಗಿ ಆಡ್ಕೊಂಡು ಬಾ. ಸರ್ಕಾರಿ ಮೈಕಿನ ಮುಂದೆ ಯಾಕೆ?"

ಧ್ವನಿಮುದ್ರಕರು ಕಾಳಿನಿಂದ ಕಲ್ಲು ಆರಿಸಿದಂತೆ ಉಸಿರುಗಳನ್ನೆಲ್ಲ ಆರಿಸಿ ತೆಗೆದರು. "ನಿನ್ನುಸಿರು ಚೆನ್ನಾಗೇ ಇತ್ತು ತಂಗಿ. ಆದ್ರೆ ನಂಗೆ ಬಡ್ತಿ ಬರೋದಿದೆ" ಎಂದರು. ಈಗ ಹಾಡು ಬಸ್ ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿತು. ಹಾಡಿನಲ್ಲಿ ಜೀವವಿಲ್ಲವೆಂದು ತಜ್ಞರ ಸಮಿತಿ ಷರಾ ಬರೆಯಿತು. ಕೂಡಲೇ ಪ್ರಕಟಣೆ ಹೊರಬಿತ್ತು:

"ಮಂಡಳಿಯ ಹಾಡುಗಳಿಗೆ ಜೀವ ತುಂಬಲು ಅರ್ಹ ಉಸಿರು ಕಲಾವಿದರು ಬೇಕಾಗಿದ್ದಾರೆ. ಸ್ವಂತ ಮೂಗು ಕಡ್ಡಾಯ. ಹಾಡುವವರು ಅರ್ಜಿ ಸಲ್ಲಿಸತಕ್ಕದ್ದಲ್ಲ."

ನಿರ್ದೇಶಕರ ಭಾವಮೈದ ಆಯ್ಕೆಯಾದರು. ಸಂಬಂಧಿಕರೆಂದು ಕೆಲಸ ಸಿಕ್ಕಿತೆಂಬುದು ಹೊಟ್ಟೆಕಿಚ್ಚಿನವರ ಮಾತು. ಅರ್ಜಿ ಹಾಕಿದ್ದೇ ಅವರೊಬ್ಬರು. ಪ್ರಕಟಣೆಯನ್ನು ಅಂಟಿಸಿದ್ದು ಅವರ ಮನೆಯ ಊಟದ ಕೋಣೆಯಲ್ಲಿ ಮಾತ್ರ.

ಭಾವಮೈದನವರದು ತುಂಬು ಶರೀರ, ದೀರ್ಘ ಉಸಿರು. ಅದು ಸಾಲುಗಳ ನಡುವಿನ ಜಾಗದಲ್ಲಿ ಹಿಡಿಯಲಿಲ್ಲ. ಸಾಲುಗಳನ್ನೇ ಕಡಿಮೆ ಮಾಡಲು ಆದೇಶವಾಯಿತು.

"ಸಾರ್, ಅದೊಂದು ಸಾಲು ಬಿಡಿ. ಅಮ್ಮ ಸೂಜಿಗೆ ದಾರ ಪೋಣಿಸಕ್ಕಾಗ್ದೆ ನನ್ನ ಕರೆಯೋ ಸಾಲು ಅದು."

"ಭಾವನೆ ತಾನೇ? ಇವರು ಉಸಿರು ಬಿಡೋವಾಗ ಕೇಳಮ್ಮ, ಬೇಕಾದಷ್ಟಿದೆ."

ಆ ಸಾಲೂ ಹೋಯಿತು. ಹೀಗೆ ಹೋಗುತ್ತ ಹೋಗುತ್ತ ಪ್ರತಿ ಹಾಡಿನಲ್ಲೂ ಒಂದೊಂದೇ ಸಾಲು ಉಳಿಯಿತು. ಆಲ್ಬಮ್‌ನ ಮುಖಪುಟದಲ್ಲಿ ಭಾವಮೈದನವರ ಮೂಗು, ಹಿಂಬದಿಯ ಮೂಲೆಯಲ್ಲಿ 'ಧ್ವನಿ ಸಹಕಾರ' ಎಂದು ಗಾಯಕಿಯ ಹೆಸರು. ಪತ್ರಿಕೆಗಳು ಇದನ್ನು ದಿಟ್ಟ ಪ್ರಯೋಗವೆಂದವು. ಓದಿ, ಈ ವರದಿ ಬರೆಯುತ್ತಿರುವ ನನಗೆ ಮೈಯೆಲ್ಲ ಉರಿಯಿತು. ವರದಿಯಲ್ಲಿ ಮೈ ಉರಿಗೆ ಜಾಗವಿಲ್ಲದ್ದರಿಂದ ಮುಂದುವರಿಸುತ್ತೇನೆ.

ಬಿಡುಗಡೆಯ ಸಮಾರಂಭಕ್ಕೆ ಅಮ್ಮ ಬಂದು ಮುಂದಿನ ಸಾಲಿನಲ್ಲಿ ಕೂತರು. ಸಭೆಯಲ್ಲಿ ಉಸಿರು ಕಲೆಯ ಮೇಲೆ ಭಾಷಣಗಳಾದವು. ಕೊನೆಗೆ ಗಾಯಕಿಗೂ ಒಂದು ಅವಕಾಶ ಕೊಡಬೇಕೆಂದು ಯಾರಿಗೋ ನೆನಪಾಯಿತು. ಆಕೆ ಮೈಕಿನ ಮುಂದೆ ನಿಂತಳು. ಕಿತ್ತುಹಾಕಿದ ಸಾಲುಗಳನ್ನೆಲ್ಲ ಸೇರಿಸಿ, ಪೂರ್ತಿ ಹಾಡನ್ನು ಅಮ್ಮನ ಮುಂದೆ ಹಾಡಿಯೇ ತೀರುವುದೆಂದು ನಿಶ್ಚಯಿಸಿಕೊಂಡು, ಮೊದಲ ಸಾಲಿಗಾಗಿ ಉದ್ದವಾಗಿ ಉಸಿರೆಳೆದುಕೊಂಡಳು.

ಅಷ್ಟಕ್ಕೇ ಸಭಾಂಗಣ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲಿಲ್ಲ. ನಿರ್ದೇಶಕರು ಕಣ್ಣೊರೆಸಿಕೊಂಡರು. "ಪರವಾಗಿಲ್ಲಮ್ಮ, ಅಭ್ಯಾಸ ಮಾಡಿದ್ರೆ ಬರುತ್ತೆ" ಎಂದು ಭಾವಮೈದನವರು ಬೆನ್ನು ತಟ್ಟಿ, ಮೈಕು ತೆಗೆದುಕೊಂಡು ವಂದನಾರ್ಪಣೆ ಶುರುಮಾಡಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಮ್ಮ ಕೇಳಿದರು: "ನೀನು ಹಾಡೋದು ಯಾವತ್ತೇ?"

"ಆಯ್ತಲ್ಲಮ್ಮ."

"ಹೌದಾ? ಚೆನ್ನಾಗಿತ್ತು ಕಣೆ. ಎಲ್ಲರೂ ಚಪ್ಪಾಳೆ ಹೊಡೆದ್ರಲ್ಲ, ನಾನೂ ಹೊಡೆದೆ."