ಎರಡು ಬ್ರೌಸರ್, ಒಂದು ವರ್ಗಾವಣೆ

ಬೆಳಗ್ಗೆ ದೂರು ಗುಮಾಸ್ತ ಕಚೇರಿಗೆ ಬಂದು ಕಂಪ್ಯೂಟರ್ ಹಾಕಿ ನೋಡಿದರೆ ಅವನ ಬ್ರೌಸರೇ ಇಲ್ಲ! ಪರದೆಯ ಎಡಮೂಲೆಯಲ್ಲಿ ಇಷ್ಟು ವರ್ಷ ಕೂತಿದ್ದ ಗುರುತು ಮಾಯ. ಆ ಜಾಗದಲ್ಲಿ ಇನ್ಯಾವುದೋ ಬ್ರೌಸರಿನ ಗುರುತು, ಕರೆಯದೆ ಮದುವೆಗೆ ಬಂದವರ ಹಾಗೆ ಠೀವಿಯಿಂದ ಕೂತಿತ್ತು.

"ಯಾರ್ರೀ ನನ್ನ ಕಂಪ್ಯೂಟರ್ ಮುಟ್ಟಿದ್ದು?"

"ನಾನೇ," ಅಂದರು ಎಡಗಡೆ ಮೇಜಿನ ಕ್ಯಾಷಿಯರ್ ಮೇಡಂ, ತಲೆ ಕೂಡ ಎತ್ತದೆ. "ನಿನ್ನೆ ನೀವು ಹೋದ್ಮೇಲೆ ಆ ದಿಕ್ಕಿಲ್ಲದ ಬ್ರೌಸರ್ ಕಿತ್ತು ಬಿಸಾಕಿ, ಒಳ್ಳೇದು ಹಾಕಿದೀನಿ. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ."

ಬೇರೆ ದಿನವಾಗಿದ್ದರೆ ಅವನು ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತಿದ್ದ. ನೀರು ಸರಬರಾಜು ಕಚೇರಿಯ ದೂರು ಗುಮಾಸ್ತನಿಗೆ ಹಲ್ಲು ಕಚ್ಚುವುದೇ ಉದ್ಯೋಗ. ನಲ್ಲಿಯಲ್ಲಿ ನೀರು ಬಾರದವರು, ಬಂದದ್ದರಲ್ಲಿ ಹುಳ ಕಂಡವರು, ಎಲ್ಲರೂ ಬಂದು ಬೈಯುವುದು ಅವನನ್ನೇ. ಆದರೆ ಇವತ್ತು ವರ್ಗಾವಣೆ ಅರ್ಜಿಗೆ ಕೊನೇ ದಿನ. ಅರ್ಜಿ ಹಾಕಬೇಕಾದದ್ದು ಇಲಾಖೆಯ ವೆಬ್‌ಸೈಟಿನಲ್ಲಿ. ಸಂಜೆ ಐದಕ್ಕೆ ಅದು ಬಾಗಿಲು ಹಾಕಿಕೊಂಡರೆ ಮತ್ತೆ ತೆರೆಯುವುದು ಮೂರು ವರ್ಷ ಬಿಟ್ಟು. ಅವನ ಪಾಸ್‌ವರ್ಡ್ ಇದ್ದದ್ದು ಆ ಕಿತ್ತು ಬಿಸಾಕಿದ ಬ್ರೌಸರಿನ ಹೊಟ್ಟೆಯಲ್ಲಿ.

ಅವನಿಗೆ ವರ್ಗ ಬೇಕಾಗಿದ್ದದ್ದು ಬಡ್ತಿಗಲ್ಲ, ಸಂಬಳಕ್ಕಲ್ಲ. ಈ ಇಬ್ಬರಿಂದ ಪಾರಾಗುವುದಕ್ಕೆ. ಎಡಕ್ಕೆ ಮೇಡಂ. ಬಲಕ್ಕೆ ಉಗ್ರಾಣದ ಲೆಕ್ಕ ನೋಡುವ ಮನುಷ್ಯ, ಕಚೇರಿಯೆಲ್ಲ ಅವನನ್ನು ಕರೆಯುವುದು ಮುಕ್ತಣ್ಣ ಅಂತ. ಯಾಕೆಂದರೆ ಅವನ ಬಾಯಲ್ಲಿ ಬರುವುದು ಒಂದೇ ಮಾತು. ಬ್ರೌಸರ್ ಹೇಗೆ ನಡೆಯಬೇಕು ಅಂತ ಬರೆದ ಒಳಗಿನ ಕೋಡ್ ಎಲ್ಲರಿಗೂ ಮುಕ್ತವಾಗಿರಬೇಕು, ಯಾರು ಬೇಕಾದರೂ ಓದಿ ತಿದ್ದಬೇಕು, ಅಂಥದ್ದೇ ಬ್ರೌಸರು, ಮಿಕ್ಕಿದ್ದೆಲ್ಲ ಗುಲಾಮಗಿರಿ. ಮೇಡಂ ವಾದ ಇದಕ್ಕೆ ತದ್ವಿರುದ್ಧ. ದೊಡ್ಡ ಕಂಪನಿ ಮಾಡಿ, ಕೋಡಿಗೆ ಬೀಗ ಹಾಕಿ ಇಟ್ಟುಕೊಂಡರೆ ಮಾತ್ರ ಅದಕ್ಕೊಂದು ಮಾನ ಮರ್ಯಾದೆ. "ಎಲ್ಲರೂ ಕೈ ಹಾಕಿದ ಸಾರು ಯಾರಾದ್ರೂ ಕುಡೀತಾರಾ?" "ಮುಚ್ಚಿಟ್ಟ ಪಾತ್ರೇಲಿ ಏನು ಬಿದ್ದಿದೆ ಅಂತ ನಿಮಗೇನು ಗೊತ್ತು?" ದಿನವೂ ಇದೇ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತ ಗಾದೆ ಮಾಡಿದವನೊಬ್ಬ ಇದ್ದಾನಲ್ಲ, ಅವನನ್ನು ತಂದು ಈ ಎರಡು ಮೇಜಿನ ನಡುವೆ ಒಂದು ವಾರ ಕೂರಿಸಬೇಕು!

ಗುಮಾಸ್ತನಿಗೆ ಬಿಪಿ ಏರಿತ್ತು. ನಿದ್ದೆಯಲ್ಲಿ "ಕೋಡ್ ಮುಟ್ಟಬೇಡ್ರೋ!" ಅಂತ ಕೂಗಿಕೊಂಡು ಎದ್ದು ಕೂರುತ್ತಿದ್ದ. ಹೆಂಡತಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದಳು: "ಈ ಸಲ ವರ್ಗ ಆಗಲಿಲ್ಲ ಅಂದ್ರೆ ಹಾಸಿಗೆ ತಗೊಂಡು ಹೋಗಿ ಆಫೀಸಲ್ಲೇ ಮಲ್ಕೊಳಿ." ಅವನು ಕಣ್ಣಿಟ್ಟಿದ್ದದ್ದು ಊರಾಚೆಯ ಪಂಪ್‌ಹೌಸ್ ಶಾಖೆಯ ಮೇಲೆ. ಪಂಪಿನ ಸದ್ದು ಬಿಟ್ಟರೆ ಅಲ್ಲಿ ನರಪಿಳ್ಳೆ ಮಾತಾಡುವುದಿಲ್ಲ. ಎಂಥಾ ಸುಖ!

ಸರಿ, ಮೇಡಂ ಹಾಕಿಕೊಟ್ಟ ಬ್ರೌಸರನ್ನೇ ತೆರೆದು ಹೊಸ ಪಾಸ್‌ವರ್ಡ್ ಮಾಡಲು ಕೂತ. ದೊಡ್ಡಕ್ಷರ ಬೇಕು ಅಂದಿತು. ಅಂಕಿ ಬೇಕು ಅಂದಿತು. ಚಿಹ್ನೆ ಬೇಕು ಅಂದಿತು. ಏನು ಕೊಟ್ಟರೂ ಸಾಲದು. ಕೊನೆಗೆ ಹೊಟ್ಟೆಯೊಳಗೆ ಕುದಿಯುತ್ತಿದ್ದ ಬೈಗುಳವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ, ಬಾಲಕ್ಕೊಂದು ಆಶ್ಚರ್ಯಸೂಚಕ ಸಿಕ್ಕಿಸಿದ. 'ತುಂಬಾ ಬಲವಾದ ಪಾಸ್‌ವರ್ಡ್' ಅಂತ ಯಂತ್ರ ಮೆಚ್ಚಿಕೊಂಡಿತು.

ಅರ್ಧ ಅರ್ಜಿ ತುಂಬುವಷ್ಟರಲ್ಲಿ ಕಿಟಕಿಯ ಆಚೆಯಿಂದ ನೀರಿಲ್ಲದ ಹೆಂಗಸೊಬ್ಬಳು ಬಕೆಟ್ ಬಡಿಯತೊಡಗಿದಳು. ಅವಳ ಕೈಲಿ ಸಾಕುಸಾಕಾಗುವಷ್ಟು ಬೈಸಿಕೊಂಡು ವಾಪಸು ಬಂದು ನೋಡುತ್ತಾನೆ, ಅವನ ಕುರ್ಚಿಯಲ್ಲಿ ಮುಕ್ತಣ್ಣ!

"ಹೆದರಬೇಡಿ, ಆ ಕಂಪನಿ ದೆವ್ವ ಓಡಿಸಿದೀನಿ," ಅಂದ ಮುಕ್ತಣ್ಣ ಹಣೆ ಒರೆಸಿಕೊಳ್ಳುತ್ತ. "ಅದು ಏನು ಮಾಡುತ್ತೆ ಗೊತ್ತಾ? ನಿಮ್ಮ ಬೆನ್ನ ಹಿಂದೆ ನಿಂತು, ನೀವು ಏನು ಮಾಡ್ತೀರಿ ಅಂತ ಇಣುಕಿ ಇಣುಕಿ ನೋಡುತ್ತೆ."

"ನೀವೂ ಅದನ್ನೇ ಮಾಡ್ತಿದೀರಲ್ರೀ!"

"ನಾನು ಮಾಡೋದು ನಿಮ್ಮ ಒಳ್ಳೇದಕ್ಕೆ."

"ನನ್ನ ಅರ್ಜಿ? ಅರ್ಧ ತುಂಬಿದ್ದೆನಲ್ಲ, ಎಲ್ಲಿ?"

"ಅದು ಅದರ ಜೊತೆ ಹೋಯ್ತು. ಗುಲಾಮಗಿರಿಯಿಂದ ಬಿಡಿಸ್ಕೊಬೇಕಾದ್ರೆ ಸ್ವಲ್ಪ ಕಳ್ಕೊಬೇಕಾಗುತ್ತೆ."

ಗುಮಾಸ್ತನ ಕಿವಿಯವರೆಗೆ ಬೆಂಕಿ ಹತ್ತಿತು. ಆದರೂ ಕೂತ, ಮತ್ತೆ ಮೊದಲಿನಿಂದ ತುಂಬಿದ. ಕೊನೆಯ ಪುಟಕ್ಕೆ ಬಂದರೆ 'ಸಲ್ಲಿಸಿ' ಅನ್ನುವ ಗುಂಡಿಯೇ ಕಾಣುತ್ತಿಲ್ಲ. ಮೇಲೆ ಎಳೆದ, ಕೆಳಗೆ ಎಳೆದ. ಇಲ್ಲ.

"ಪಾಪ, ಸಣ್ಣ ದೋಷ," ಅಂದ ಮುಕ್ತಣ್ಣ ತಾಯಿಯ ವಾತ್ಸಲ್ಯದಿಂದ. "ನಮ್ಮ ಬಳಗಕ್ಕೆ ತಿಳಿಸಿದೀನಿ. ಸಾವಿರಾರು ಜನ ಇದ್ದಾರೆ, ಯಾರಾದ್ರೂ ಒಬ್ಬರು ಸರಿ ಮಾಡ್ತಾರೆ. ವಾರದೊಳಗೆ ಆಗುತ್ತೆ."

"ವಾರ! ನನಗೆ ಇರೋದು ಸಂಜೆ ತನಕ ಕಣ್ರೀ!"

"ನಾನು ಹೇಳಿರಲಿಲ್ವಾ?" ಅಂತ ಮೇಡಂ ನುಗ್ಗಿ ಬಂದರು. ಮೌಸ್ ಕಿತ್ತುಕೊಂಡು ಮತ್ತೆ ತಮ್ಮ ಬ್ರೌಸರ್ ಹಾಕಿದರು. ಅದು ಹಾಕಿದ ತಕ್ಷಣ ತನ್ನನ್ನು ತಾನೇ ಹೊಸದಾಗಿಸಿಕೊಳ್ಳಲು ಶುರುಮಾಡಿತು. ಪರದೆಯ ಮೇಲೆ ಒಂದು ನೀಲಿ ಗೆರೆ, ತುಂಬು ಬಸುರಿಯ ಹಾಗೆ ನಿಂತು ನಿಂತು ನಡೆಯಿತು. ಮಧ್ಯಾಹ್ನದ ಊಟದ ಹೊತ್ತಾಯಿತು. ಗುಮಾಸ್ತ ಡಬ್ಬಿ ಬಿಚ್ಚಲಿಲ್ಲ. ಗೆರೆಯನ್ನೇ ದುರುಗುಟ್ಟಿಕೊಂಡು ಕೂತ. ನಾಲ್ಕರ ಹೊತ್ತಿಗೆ ಮುಕ್ಕಾಲು ದಾಟಿದ ಗೆರೆ, ಏನು ಮನಸ್ಸು ಬಂತೋ, ಮತ್ತೆ ಮೊದಲಿಗೆ ಹೋಯಿತು.

"ನಮ್ಮ ಮೆಷಿನ್ನಲ್ಲಿ ಹೀಗಾಗಲ್ಲ," ಅಂದರು ಮೇಡಂ. "ನಿಮ್ಮ ಕಂಪ್ಯೂಟರೇ ಹಳೇದು. ನಂದರಲ್ಲಿ ನೋಡಿ, ಅರ್ಜಿ ಹೇಗೆ ಹೋಗುತ್ತೆ ಅಂತ!"

"ನಂದರಲ್ಲಿರೋದು ಆ ದೋಷ ಬರೋಕ್ಮುಂಚಿನದು, ಅದಕ್ಕಿಂತ ಬೇಗ ಹೋಗುತ್ತೆ!" ಅಂದ ಮುಕ್ತಣ್ಣ.

ಇಬ್ಬರೂ ತಂತಮ್ಮ ಮೇಜಿಗೆ ಹಾರಿದರು. ಕೀಲಿಮಣೆಗಳ ಮೇಲೆ ಆಲಿಕಲ್ಲು ಬಿದ್ದಂತಾಯಿತು. "ಶಾಖೆ ಯಾವುದು ಅಂತ ಕೇಳುತ್ತೆ, ಏನು ಹಾಕ್ಲಿ?" ಅಂತ ಮೇಡಂ ಕೂಗಿದರು.

"ನಾನು ಕೇಳಿರೋ ಪಂಪ್‌ಹೌಸೇ ಹಾಕ್ಕೊಂಡು ಸಾಯಿರಿ!" ಅಂದ ಗುಮಾಸ್ತ. ಅವನ ಕಣ್ಣು ಇನ್ನೂ ಆ ನೀಲಿ ಗೆರೆಯ ಮೇಲೆ.

"ಹೋಯ್ತು! ಹಸಿರು ಗುರುತು ಬಂತು!" ಅಂತ ಮೇಡಂ ಚಪ್ಪಾಳೆ ತಟ್ಟಿದರು.

"ನಂದು ಆಗಲೇ ಬಂದಿತ್ತು, ಸದ್ದು ಮಾಡಿರಲಿಲ್ಲ ಅಷ್ಟೇ!"

"ಸುಳ್ಳು!"

"ಅಯ್ಯೋ, ಕೆಲಸ ಮಾಡುತ್ತೆ ತಾನೇ? ಏಳಿ ಮತ್ತೆ," ಅಂತ ಗುಮಾಸ್ತ ಕೂತಲ್ಲಿಂದಲೇ ತನ್ನ ಗಾಲಿಯ ಕುರ್ಚಿಯನ್ನು ಮೇಡಂ ಮೇಜಿನ ಕಡೆ ತಳ್ಳಿಕೊಂಡು ಹೊರಟ. "ನಿಮ್ಮ ಮೆಷಿನ್ನಲ್ಲೇ ನಂದೂ ಹಾಕ್ತೀನಿ."

"ಅಂದ್ರೆ ನೀವು ಆ ಪಕ್ಷ ಅಂತಾಯ್ತು!" ಮುಕ್ತಣ್ಣ ಕುರ್ಚಿಯ ಬೆನ್ನು ಹಿಡಿದು ಬಲಕ್ಕೆ ಎಳೆದ. "ಬನ್ನಿ ಇಲ್ಲಿ. ನನ್ನ ಮೆಷಿನ್ನಲ್ಲಿ ಹಾಕಿ."

"ಬಿಡ್ರೀ ಅವರನ್ನ!" ಮೇಡಂ ಕುರ್ಚಿಯ ಕೈ ಹಿಡಿದು ಎಡಕ್ಕೆ ಎಳೆದರು.

ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಗುಮಾಸ್ತ ತೊಟ್ಟಿಲ ಮಗುವಿನ ಹಾಗೆ ತೂಗಾಡಿದ. ಅಷ್ಟರಲ್ಲಿ ಕುರ್ಚಿಯ ಗಾಲಿಯೊಂದು ಕಳಚಿ ಉರುಳಿಹೋಯಿತು. ಕುರ್ಚಿ ವಾಲಿತು, ಅವನು ನೆಲಕ್ಕೆ ಬಿದ್ದ. ಬಿದ್ದವನು ಎದ್ದಾಗ ಬೇರೆಯೇ ಮನುಷ್ಯನಾಗಿದ್ದ.

"ಥೂ ನಿಮ್ಮ!" ಅಂದ. ಕಚೇರಿಯ ಫ್ಯಾನು ಕೂಡ ಬೆಚ್ಚಿತು. "ನನಗೆ ಬೇಕಾಗಿರೋದು ಒಂದು ಕಿಟಕಿ ಕಣ್ರೀ! ಆಚೆ ಏನಿದೆ ಅಂತ ನೋಡೋಕೆ ಕಿಟಕಿ! ಅದರ ಚೌಕಟ್ಟು ಮಾಡಿದೋನು ಬಡಗಿಯೋ, ಬಡಗಿಗಳ ಸಂಘವೋ, ಕಟ್ಕೊಂಡು ನನಗೇನು? ಬೀಗ ಇದ್ರೆ ಇರಲಿ, ಇಲ್ದಿದ್ರೆ ಹಾಳಾಗಿ ಹೋಗಲಿ! ಎರಡೂ ಬ್ರೌಸರ್ ಬಿಟ್ಟಿ ಸಿಗುತ್ತೆ, ಬಿಟ್ಟಿ ಸಿಗೋದಕ್ಕೆ ಹೀಗೆ ಕಚ್ಚಾಡ್ತೀರಲ್ಲ, ಕಾಸು ಕೊಟ್ಟಿದ್ರೆ ಕೊಲೆಯಾಗ್ತಿತ್ತು! ಎಷ್ಟು ಕಾಲದಿಂದ ನನ್ನ ಜೀವ ತೇಯ್ತಿದೀರಿ! ಇವತ್ತು ನನ್ನ ಅರ್ಜಿ ಹೋಗದಿದ್ರೆ ನಿಮ್ಮಿಬ್ಬರನ್ನೂ ಒಂದೇ ನೀರಿನ ಟ್ಯಾಂಕಿಗೆ ಹಾಕಿ ಮುಚ್ಚಳ ಮುಚ್ತೀನಿ!"

ಕಿಟಕಿಯ ಆಚೆ ಬಕೆಟ್ ಹಿಡಿದಿದ್ದ ಹೆಂಗಸು "ಹಾಕಿ ಹಾಕಿ, ಆಗಲಾದ್ರೂ ಟ್ಯಾಂಕಲ್ಲಿ ಏನಾದ್ರೂ ಇದ್ದಂಗಾಗುತ್ತೆ," ಅಂದಳು.

ಅವನು ಯಾರ ಮುಖವನ್ನೂ ನೋಡದೆ ಸಾಹೇಬರ ಕೋಣೆಗೆ ನುಗ್ಗಿದ. ಸಾಹೇಬರ ಕಂಪ್ಯೂಟರಿಗೆ ಧೂಳು ಕೂರದಿರಲಿ ಅಂತ ಟವೆಲ್ ಹೊದಿಸಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಸಾಹೇಬರೂ ಸೇರಿ. "ಸಾರ್, ಏಳಿ!" ಅಂದ. ಸಾಹೇಬರು ಅವನ ಕಣ್ಣು ನೋಡಿ, ಯಾಕೆ ಏನು ಅಂತ ಕೇಳದೆ ಎದ್ದರು. ಟವೆಲ್ ಕಿತ್ತೆಸೆದು ಕೂತ. ಆ ಯಂತ್ರದಲ್ಲಿದ್ದದ್ದು ಮಾಂಧಾತನ ಕಾಲದ ಬ್ರೌಸರು. ಅದನ್ನು ಮಾಡಿದವರು ಯಾರು, ಕೋಡ್ ತೆರೆದಿಟ್ಟಿದ್ದರೋ ಮುಚ್ಚಿಟ್ಟಿದ್ದರೋ, ದೇವರಿಗೇ ಗೊತ್ತು. ಅದು ಕೆಮ್ಮಿತು, ತೇಕಿತು, ಪುಟದ ಬಣ್ಣವನ್ನೆಲ್ಲ ನುಂಗಿತು. ಆದರೆ ಗುಂಡಿ ತೋರಿಸಿತು. ಬೈಗುಳದ ಪಾಸ್‌ವರ್ಡ್ ಕುಟ್ಟಿ, ಅರ್ಜಿ ತುಂಬಿ, ಪಂಪ್‌ಹೌಸ್ ಶಾಖೆ ಅಂತ ಆರಿಸಿ, ಐದು ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಒತ್ತೇಬಿಟ್ಟ. ಹೋಯಿತು!

ವರ್ಗಾವಣೆಯನ್ನೂ ಯಂತ್ರವೇ ಮಾಡುತ್ತದೆ, ಫಲಿತಾಂಶ ಅವತ್ತೇ ಮೊಬೈಲಿಗೆ ಬರುತ್ತದೆ. ಯಾರೂ ಮನೆಗೆ ಹೋಗಲಿಲ್ಲ. ಗುಮಾಸ್ತ ಗಾಲಿ ಕಳಚಿದ ಕುರ್ಚಿಯ ಪಕ್ಕ ನಿಂತೇ ಇದ್ದ. ಟಿಣ್ ಅಂತು. 'ನಿಮ್ಮನ್ನು ಪಂಪ್‌ಹೌಸ್ ಶಾಖೆಗೆ ವರ್ಗಾಯಿಸಲಾಗಿದೆ.'

ಅವನಿಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತ. ಕೂಡಲೇ ಹೆಂಡತಿಗೆ ಫೋನ್ ಮಾಡಿದ. "ಆಯ್ತು ಕಣೇ! ವರ್ಗ ಆಯ್ತು! ಹಾಸಿಗೆ ಕಟ್ಟೋದೇನೂ ಬೇಡ!"

"ಅಬ್ಬಾ, ಆ ಇಬ್ಬರ ಕಾಟ ತಪ್ಪಿತಲ್ಲ, ಅಷ್ಟು ಸಾಕು," ಅಂದಳು ಅವಳು.

ಆಗ ಎಡಗಡೆ ಟಿಣ್ ಅಂತು. ಬಲಗಡೆಯೂ ಟಿಣ್ ಅಂತು.

"ಇದೇನ್ರೀ ಇದು!" ಮೇಡಂ ಮುಖ ಬಿಳಿಚಿಕೊಂಡಿತು. "ನನ್ನನ್ನ ಯಾಕೆ ಪಂಪ್‌ಹೌಸಿಗೆ ಹಾಕಿದಾರೆ? ನಾನು ಸುಮ್ಮನೆ ತೋರಿಸೋಕೆ ಅಂತ ಒತ್ತಿದ್ದು!"

"ನಾನೂ ತೋರಿಸೋಕೇ ಒತ್ತಿದ್ದು!" ಮುಕ್ತಣ್ಣ ಕೂಗಿದ. "ನನ್ನ ನೌಕರಿ ನಂಬರ್ ಹಾಕದೆ ಒಳಗೇ ಬಿಡಲ್ಲ ಅಂತು, ಹಾಕಿದೆ!"

ಗುಮಾಸ್ತನ ಕೈಯಿಂದ ಫೋನು ಜಾರಿತು. ಸಾಹೇಬರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಿಗೆ ಬಂದರು. "ಆ ಶಾಖೇಲಿ ಮೂರು ಜಾಗ ಖಾಲಿ ಇದ್ವು. ಆ ಕಾಡಿಗೆ ಯಾರು ಹೋಗ್ತಾರೆ, ಬಂದಿದ್ದೇ ಮೂರು ಅರ್ಜಿ. ಇನ್ನು ಮೂರು ವರ್ಷ ಏನೂ ಮಾಡೋಕಾಗಲ್ಲ."

ಮೊದಲು ಚೇತರಿಸಿಕೊಂಡದ್ದು ಮೇಡಂ. "ಅಲ್ಲಿ ಹೋದ್ಮೇಲೆ ಕಂಪನಿ ಬ್ರೌಸರೇ ಹಾಕೋದು, ಈಗಲೇ ಹೇಳಿರ್ತೀನಿ!"

"ನಾನು ಬದುಕಿರೋ ತನಕ ಆಗಲ್ಲ!" ಅಂದ ಮುಕ್ತಣ್ಣ.

ಗುಮಾಸ್ತ ಎರಡೂ ಕೈ ಮುಗಿದು ಸಾಹೇಬರ ಮುಂದೆ ನಿಂತ. "ಸಾರ್, ಅಲ್ಲಿ ಮೂರು ಜನಕ್ಕೆ ಮೂರು ಬೇರೆ ಬೇರೆ ಕೋಣೆ ಇದೆ ತಾನೇ? ಮೂರು ಕಂಪ್ಯೂಟರ್ ಆದ್ರೂ ಇದೆ ತಾನೇ?"

"ಎಲ್ರೀ ಬಂತು ಮೂರು," ಅಂದರು ಸಾಹೇಬರು. "ಇರೋದು ಒಂದೇ. ಮೂವರೂ ಹಂಚ್ಕೊಂಡು ಮಾಡ್ಬೇಕು."