ಮೋಟಾರು ದೋಣಿಯಲ್ಲಿ ನಿಶ್ಚಯಕ್ಕೆ

ಯಂತ್ರಗಳ ವಿಷಯದಲ್ಲಿ ನನಗೆ ಅಪಾರ ಜ್ಞಾನವಿದೆ. ಇದನ್ನು ನಾನೊಬ್ಬನೇ ಒಪ್ಪುತ್ತೇನೆ ಎನ್ನುವುದು ಬೇರೆ ಮಾತು. ಬಳ್ಳಾರಿಯ ಗುಜರಿ ಅಂಗಡಿಯಲ್ಲಿ ದೋಣಿಗೆ ಕಟ್ಟುವ ಸಣ್ಣ ಪೆಟ್ರೋಲ್ ಮೋಟಾರು ಕಂಡಾಗ ಈ ಜ್ಞಾನ ಉಕ್ಕಿ ಬಂತು. ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದಂಡೆಯಲ್ಲೇ ನಮ್ಮೂರು. ಆಚೆ ದಂಡೆಗೆ ಹೋಗಲು ಹುಟ್ಟು ಹಾಕುವ ಹಳೆಯ ದೋಣಿಯೊಂದಿದೆ. ಇನ್ನು ಹುಟ್ಟು ಯಾರಿಗೆ ಬೇಕು? ಮೋಟಾರನ್ನು ಮನೆಗೆ ತಂದು, ಅಂಗಳದ ನೀರಿನ ಡ್ರಮ್ಮಿಗೆ ಇಳಿಬಿಟ್ಟು ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಚಾಲೂ! ಅದು ನಮ್ಮ ಸೀಮೆಯ ಮಟಮಟ ಮಧ್ಯಾಹ್ನ. ಆ ಬಿಸಿಲಿಗೆ ಬೀಸುವ ಕಲ್ಲೂ ಚಾಲೂ ಆಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಮುಂದಿನ ಶುಕ್ರವಾರ ನನ್ನ ಹೆಂಡತಿ ಗಂಗಾಳ ತಮ್ಮ ಸುರೇಶನ ನಿಶ್ಚಯ. ಹುಡುಗಿಯ ಮನೆ ಆಚೆ ದಂಡೆಯಲ್ಲಿ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಗಂಗಾ. ಹುಡುಗಿಗೆ ಸೀರೆ, ಉಂಗುರ ಕೊಡಬೇಕಾದವಳೂ ಅವಳೇ. ಅದು ಹತ್ತೂವರೆಯೊಳಗೆ, ಅಂದರೆ ರಾಹುಕಾಲ ಹುಟ್ಟುವ ಮೊದಲು ಆಗಬೇಕಿತ್ತು. ನೆಂಟರೆಲ್ಲ ಬೆಳಿಗ್ಗೆಯೇ ಟೆಂಪೊ ಹತ್ತಿದರು.

“ನಾವೂ ಟೆಂಪೊದಾಗ ಹೋಗೂಣು ಬರ್ರಿ,” ಎಂದಳು ಗಂಗಾ.

“ಹುಚ್ಚಿ! ಸೇತುವಿ ಸುತ್ತಿಕೊಂಡು ಯಾರು ಹೋಗ್ತಾರ? ಬೀಗರ ಮುಂದ ಮೋಟಾರು ದೋಣಿಯಿಂದ ಇಳದ್ರ ನಿನ್ನ ತಮ್ಮಗ ಎಷ್ಟು ಗೌರವ ಗೊತ್ತೈತೇನು?”

ಹೊಸ ಗಾಡಿಗೆ ಪೂಜೆ ಮಾಡದೆ ನಮ್ಮಲ್ಲಿ ಯಾರೂ ಓಡಿಸುವುದಿಲ್ಲ. ನಾನೂ ಹಿಂದಿನ ಸಂಜೆ ಮೋಟಾರಿಗೆ ಶಾಸ್ತ್ರೋಕ್ತವಾಗಿ ಪೂಜೆ ಸಲ್ಲಿಸಿದ್ದೆ. ಅರಿಶಿನ ಕಲಸಿ ಮೈತುಂಬ ಮೆತ್ತಿದ್ದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕಂತೂ ವಿಶೇಷ ಉಪಚಾರ.

ಶುಕ್ರವಾರ ಬೆಳಗಿನ ಚಳಿಗೆ ಹೊಳೆ ಹೊಗೆಯಾಡುತ್ತಿತ್ತು. ಮೋಟಾರನ್ನು ದೋಣಿಯ ಹಿಂಬದಿಗೆ ಬಿಗಿದೆ. ಹಗ್ಗ ಎಳೆದೆ. ಮೋಟಾರು ಮೌನ. ಮತ್ತೆ ಎಳೆದೆ. ನನ್ನ ಭುಜ ಮಾತ್ರ ಲಟಕ್ಕೆಂದಿತು.

ಪಕ್ಕದ ಮನೆಯ ಮೌಲಾಸಾಬ್ ಬಂದ. ಪಂಪ್‌ಸೆಟ್ ರಿಪೇರಿಯಲ್ಲಿ ನನ್ನಷ್ಟೇ ಜ್ಞಾನಿ. “ಥಂಡಿ ಹಿಡದೈತ್ರಿ. ಚೋಕ್ ಎಳೀರಿ!” ಚೋಕ್ ಎಳೆದೆ. ಮೋಟಾರು ಎರಡು ಸಲ ಕೆಮ್ಮಿ ಮಲಗಿತು.

“ಜೀವ ಐತ್ರಿ! ಪ್ಲಗ್ ಬಿಸಿ ಮಾಡೂಣು ತಡೀರಿ!”

ಅವನ ಮನೆಯ ರೊಟ್ಟಿ ಹಂಚಿನ ಮೇಲೆ ಪ್ಲಗ್ ಸುಟ್ಟೆವು. ಪೆಟ್ರೋಲ್ ವಾಸನೆಗೆ ಅಂದು ಅವರ ಮನೆಯಲ್ಲಿ ಯಾರೂ ರೊಟ್ಟಿ ಮುಟ್ಟಲಿಲ್ಲವಂತೆ. ನಾನು ಬೆರಳು ಸುಟ್ಟುಕೊಂಡೆ. ಮೋಟಾರಿಗೆ ಮಾತ್ರ ಚಳಿ ಬಿಡಲಿಲ್ಲ.

ಅಷ್ಟರಲ್ಲಿ ಸುರೇಶನ ಫೋನು. “ಅಕ್ಕಾ, ಎಲ್ಲದೀ? ಸ್ವಾಮಿಗಳು ಗಡಿಯಾರ ನೋಡಾಕ ಹತ್ಯಾರ!”

ಗಂಗಾಳ ಕಣ್ಣು ತುಂಬಿತು. “ಇರಾಂವ ಒಬ್ಬ ತಮ್ಮ. ಅವನ ಕೆಲಸ ಕೆಟ್ರ ನಿಮ್ಮನ್ನ ಇದ ಹೊಳ್ಯಾಗ ಬಿಟ್ಟು ಹೋಗ್ತೀನಿ, ನೋಡ್ರಿ!” ಎನ್ನುತ್ತಲೇ ಮೋಟಾರನ್ನು ದುರುಗುಟ್ಟಿ ನೋಡಿದಳು. “ಈ ಮುಚ್ಚಳದ ತೂತಿಗಿ ಯಾಕ ಅರಿಶಿಣ ಮೆತ್ತೀರಿ? ಎಣ್ಣಿ ಡಬ್ಬಿಗಿ ಎರಡು ತೂತು ಹಾಕಲಿಲ್ಲಂದ್ರ ಎಣ್ಣಿ ಇಳೀತೈತೇನು?”

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ದಂಡೆಯಿಂದಲೇ ಬಾಗಿ ತೂತು ಚುಚ್ಚಿದಳು. ಒಣಗಿದ ಅರಿಶಿನ ಉದುರಿತು. ಟ್ಯಾಂಕು ಉಸ್ಸೆಂದಿತು. ನಾನು ಇದೆಲ್ಲ ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿ ಹಗ್ಗ ಎಳೆದೆ.

ಚಾಲೂ! ಚಾಲೂ ಎಂದರೆ ಎಂಥ ಚಾಲೂ! ದೋಣಿ ದಂಡೆಯಿಂದ ಚಂಗನೆ ನೆಗೆಯಿತು. ದೋಣಿಯಲ್ಲಿ ನಾನಿದ್ದೆ. ಸೀರೆ, ಉಂಗುರ, ಹೆಂಡತಿ ಮೂರೂ ದಂಡೆಯ ಮೇಲಿದ್ದವು!

ನಿಲ್ಲಿಸಬೇಕಲ್ಲ? ಹೇಗೆ? ಡ್ರಮ್ಮಿನಲ್ಲಿ ಅದನ್ನು ನಾನು ನಿಲ್ಲಿಸಿರಲೇ ಇಲ್ಲ, ಪೆಟ್ರೋಲ್ ಮುಗಿದು ತಾನಾಗಿ ನಿಂತಿತ್ತು. ಈಗ ಟ್ಯಾಂಕು ಭರ್ತಿ. ದೊಡ್ಡದೊಂದು ಸುತ್ತು ಹಾಕಿ ದಂಡೆಯ ಹತ್ತಿರ ತಂದೆ.

“ಜಿಗಿಯೇ! ಹೊಂಟ ಬಸ್ ಹತ್ತಿದಂಗ ಹತ್ತು!”

“ರೇಷ್ಮಿ ಸೀರಿ ಉಟಗೊಂಡು ಹೊಳಿಗಿ ಜಿಗೀಲೇನು? ನಿಮ್ಮ ತಲಿ ನೆಟ್ಟಗೈತೇನು?”

ಮತ್ತೊಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಅವಳು ಮೌಲಾಸಾಬನ ಮೊಪೆಡ್ ಮೇಲೆ ಕುಳಿತಿದ್ದಳು. “ಗಟ್ಟಿ ಹಿಡೀರಿ ಅಕ್ಕಾರ!” ಎಂದವನೇ ಅವನು ಸೇತುವೆಯ ದಾರಿ ಹಿಡಿದ. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ.

ರಾಹುಕಾಲಕ್ಕೆ ಮುಂಚೆಯೇ ಗಂಗಾ ತಲುಪಿದಳು, ಉಂಗುರ ತೊಡಿಸಿದ್ದೂ ಆಯಿತು, ತಮ್ಮನನ್ನು ತಬ್ಬಿಕೊಂಡು ಅತ್ತಳಂತೆ. ನಾನೂ ಆಚೆ ದಂಡೆಯ ಹತ್ತಿರ ಹೋದೆ, ಆದರೆ ನಿಲ್ಲಿಸಲು ಬಾರದೆ ಬೀಗರ ಮನೆಯ ಮುಂದೆಯೇ ಸುತ್ತು ಹಾಕುತ್ತಿದ್ದೆ. ನನ್ನ ಪೆಟ್ರೋಲ್ ಮುಗಿದದ್ದು ರಾಹುಕಾಲ ಹುಟ್ಟಿದ ಮೇಲೆ. ಹರಿಗೋಲಿನ ಮೀನುಗಾರರು ಎಳೆದು ತಂದು ಬೀಗರ ದಂಡೆಗೆ ಹಚ್ಚಿದಾಗ ಊಟದ ಪಂಕ್ತಿ ಎದ್ದಿತ್ತು. ಹುಡುಗಿಯ ತಂದೆ ಕೈಮುಗಿದು, ಬಹಳ ಭಕ್ತಿಯಿಂದ ಕೇಳಿದರು: “ಹೊಳ್ಯಾಗ ಪ್ರದಕ್ಷಿಣಿ ಹಾಕಾಕ ಹತ್ತಿದ್ರಲ್ಲ ಬೀಗರ, ಏನರ ಹರಕಿ ಇತ್ತೇನ್ರಿ?”

ಹೌದೆಂದೆ. ಮತ್ತೇನು ಹೇಳಲಿ!

ನಿಶ್ಚಯದ ಫೋಟೊ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಗಂಗಾ ಇದ್ದಾಳೆ, ಸುರೇಶ ಇದ್ದಾನೆ, ಮೌಲಾಸಾಬನಂತೂ ನಡುವೆಯೇ ನಿಂತಿದ್ದಾನೆ. ಬಂದವರೆಲ್ಲ, “ನಿಮ್ಮ ಮನಿಯವ್ರು ಕಾಣವಲ್ರಲ್ಲ?” ಎಂದು ಕೇಳುತ್ತಾರೆ. ಗಂಗಾ ಫೋಟೊದಲ್ಲಿ ಎಲ್ಲರ ಹಿಂದೆ ಕಾಣುವ ಹೊಳೆಯಲ್ಲಿನ ಒಂದು ಕರಿ ಚುಕ್ಕೆಯ ಮೇಲೆ ಬೆರಳಿಟ್ಟು, “ಅದಾರಲ್ರಿ, ಇಲ್ಲಿ!” ಎನ್ನುತ್ತಾಳೆ.