ಹೋಗಲ್ಲ ಅಂದ್ರೆ ಏನು?

ಮೇಷ್ಟ್ರಾಗಿ ಬಹಳ ವರ್ಷ ಕಳೆದರೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರು ಏನೇ ಉತ್ತರ ಕೊಟ್ಟರೂ ಅದು ಒಂದೋ ಸರಿ, ಇಲ್ಲವೇ ತಪ್ಪು ಎಂದು ಕಾಣತೊಡಗುತ್ತದೆ. ಹೆಂಡತಿಯ ಉತ್ತರಗಳಿಗೂ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ಬಾಯಿ ಬಿಟ್ಟು ಹೇಳದಿರುವುದರಿಂದ ಸಂಸಾರ ನಡೆದಿದೆ. ಇಂಥ ನನ್ನನ್ನು ಯಾವ ಊರಿಗೆ ಬಸ್ಸು ಬೇಕು ಎಂಬ ಸರ್ಕಾರಿ ಸಮೀಕ್ಷೆಗೆ ಹಾಕಿದರು.

ಚಳ್ಳಕೆರೆಯಿಂದ ಬೈಕಿನಲ್ಲಿ ಹೊರಟು, ದೇವಸಮುದ್ರ ದಾಟಿ, ಬಸ್ಸೇ ಇಲ್ಲದ ಒಂದು ಹಟ್ಟಿಗೆ ಹೋದೆ. ಫಾರಂನಲ್ಲಿ ಮುಖ್ಯ ಪ್ರಶ್ನೆ ಒಂದೇ: ‘ತಿಂಗಳಿಗೆ ಎಷ್ಟು ಸಲ ಮೊಳಕಾಲ್ಮೂರಿಗೆ ಹೋಗುತ್ತೀರಿ?’ ಮೊದಲ ಮನೆಯ ಜಗುಲಿಯಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ ತಿಪ್ಪಮ್ಮ ತಲೆ ಎತ್ತದೆ, “ಹೋಗಲ್ಲ ಮೇಷ್ಟ್ರೇ” ಅಂದರು. ಸೊನ್ನೆ ಬರೆದೆ. ಪಕ್ಕದ ಮನೆಯವರು ಅದನ್ನೇ ತೆಲುಗಿನಲ್ಲಿ ಹೇಳಿದರು. ಸೊನ್ನೆ ಎರಡೂ ಭಾಷೆಗೆ ಒಂದೇ. ಮಧ್ಯಾಹ್ನದ ಹೊತ್ತಿಗೆ ಫಾರಂ ತುಂಬ ದುಂಡನೆಯ ಸೊನ್ನೆಗಳು. ಈ ಹಟ್ಟಿಗೆ ಬಸ್ಸು ಬೇಕಾಗಿಲ್ಲ ಎಂದು ತೀರ್ಮಾನಿಸಿ, ಕೆಲಸ ಬೇಗ ಮುಗಿದ ಖುಷಿಯಲ್ಲಿ ಬೈಕಿನ ಕಡೆ ನಡೆದೆ.

ತಿಪ್ಪಮ್ಮ ಕೂಗಿ ಕರೆದು, ಮಜ್ಜಿಗೆ ಕೊಟ್ಟು, ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದರು. ಬಿಪಿ ಮಾತ್ರೆಯ ಚೀಟಿ.

“ಮೊಳಕಾಲ್ಮೂರಲ್ಲಿ ಕೊಡ್ತಾರೆ. ಈ ಕಡೆ ಬರೋವಾಗ ತಂದ್ಕೊಡ್ತೀರಾ? ಮುಗಿದು ಹತ್ತು ದಿನ ಆಯ್ತು.”

“ನೀವೇ ಹೋಗಿ ತರಬಹುದಲ್ಲವ್ವ?”

“ಬಸ್ಸು ಸಿಗೋ ರಸ್ತೆ ಮೂರು ಮೈಲಿ ದೂರ ಐತೆ. ಈ ಮಂಡಿ ಎದ್ದು ನಿಲ್ಲಕ್ಕೇ ಬಿಡಲ್ಲ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ಎಷ್ಟು ಸಲ ಹೋಗ್ತೀರಿ ಅಂತ ಕೇಳಿದ್ರಿ. ಹೋಗಬೇಕಾ ಅಂತ ಕೇಳಿದ್ರಾ?”

ಮಜ್ಜಿಗೆ ಲೋಟ ಕೆಳಗಿಟ್ಟು ಫಾರಂ ಮತ್ತೆ ತೆಗೆದೆ. ಉತ್ತರ ಸರಿಯಾಗಿಯೇ ಇತ್ತು. ಪ್ರಶ್ನೆಗೆ ಅಂಕ ಹಾಕುವುದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ನಾಚಿಕೆ ಬಿಟ್ಟು ಎಲ್ಲ ಮನೆಗೂ ಮತ್ತೊಮ್ಮೆ ಹೋದೆ. ಒಬ್ಬಳಿಗೆ ಹೊಲಿಗೆ ಕಲಿಯಲು ಹೋಗಬೇಕಿತ್ತು, ಇನ್ನೊಬ್ಬರಿಗೆ ಕಣ್ಣು ತೋರಿಸಲು. ಒಬ್ಬ ಯಜಮಾನರಿಗೆ ಸುಮ್ಮನೆ ಪೇಟೆ ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಬರಬೇಕಿತ್ತು. ಇದಕ್ಕೆಲ್ಲ ಫಾರಂನಲ್ಲಿ ಜಾಗವಿರಲಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಕಚೇರಿಯಲ್ಲಿ ಸಾಹೇಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, “ನೋಡೋಣ” ಅಂದರು. ಇಷ್ಟು ವರ್ಷದ ಸರ್ಕಾರಿ ನೌಕರಿಯಲ್ಲಿ ಆ ಒಂದು ಉತ್ತರದ ಅರ್ಥ ಮಾತ್ರ ನನಗೆ ಚೆನ್ನಾಗಿ ಗೊತ್ತು.

ಮರುದಿನವೇ ಮಾತ್ರೆ ತೆಗೆದುಕೊಂಡು ಹಟ್ಟಿಗೆ ಹೋಗಿ, ಚೀಟಿಯ ಜೊತೆ ತಿಪ್ಪಮ್ಮನ ಕೈಗಿಟ್ಟೆ.

“ಬಸ್ಸು ಬರ್ತೈತಾ ಮೇಷ್ಟ್ರೇ?” ಎಂದು ತಿಪ್ಪಮ್ಮ ಕೇಳಿದರು.

“ಬರ್ತೈತೆ ಬಿಡವ್ವ. ಬಂದೇ ಬರ್ತೈತೆ” ಎಂದೆ.

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಚೀಟಿಯನ್ನು ಮಡಿಸಿ ನನ್ನ ಜೇಬಿಗೇ ತುರುಕಿದರು.

“ಹಂಗಾದ್ರೆ ಮುಂದಿನ ತಿಂಗಳೂ ನೀವೇ ತಂದ್ಕೊಡ್ರಿ.”